ಒಂದು ಪಟ್ಟಿ, ಒಂಬತ್ತು ರೆಪೊ: ಗ್ರೇಡಲ್ ಕ್ಯಾಟಲಾಗ್ ಹಂಚಿಕೊಂಡಾಗ ಏನೇನಾಯ್ತು

2021ರ ಡಿಸೆಂಬರ್ 10, ಶುಕ್ರವಾರ. ಜಾವಾದಲ್ಲಿ ಕೆಲಸ ಮಾಡುವವರು ಆ ದಿನವನ್ನು ಮರೆತಿರಲಿಕ್ಕಿಲ್ಲ. ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿದ್ದ ದೊಡ್ಡ ಸುರಕ್ಷತೆಯ ತೂತು, ಸಿವಿಇ-2021-44228 (ಸಿವಿಇ ಅಂದರೆ ಇಂಥ ತೂತುಗಳಿಗೆ ಕೊಡುವ ಗುರುತಿನ ಸಂಖ್ಯೆ), ಊರೆಲ್ಲ ಸುದ್ದಿಯಾದ ದಿನ ಅದು. ಬೆಂಗಳೂರಿನ ನಮ್ಮ ತಂಡದ ಕೈಯಲ್ಲಿ ಆಗ ಒಂಬತ್ತು ಸರ್ವಿಸ್‌ಗಳಿದ್ದವು. ಒಂಬತ್ತಕ್ಕೂ ಬೇರೆ ಬೇರೆ ಗಿಟ್ ರೆಪೊ (ಕೋಡ್ ಇಡುವ ಜಾಗ). ಕೋಡನ್ನು ಬಿಲ್ಡ್ ಮಾಡುವ ಸಾಧನ ಎಂಟರಲ್ಲಿ ಗ್ರೇಡಲ್, ಒಂದರಲ್ಲಿ ಮಾವೆನ್. ಎಲ್ಲದರಲ್ಲೂ ಲಾಗ್‌ಫೋರ್‌ಜೆಯನ್ನು 2.15.0ಗೆ ಏರಿಸಿ ಉಸ್ಸಪ್ಪಾ ಅನ್ನುವಷ್ಟರಲ್ಲಿ 2.16.0 ಬಂತು. ಅದರ ಹಿಂದೆ 2.17.0. ವರ್ಷ ಮುಗಿಯುವ ಮೊದಲೇ 2.17.1. ಒಂಬತ್ತು ರೆಪೊ, ನಾಲ್ಕು ಸಲ, ಒಟ್ಟು ಮೂವತ್ತಾರು ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ). ಪ್ರತಿಯೊಂದಕ್ಕೂ ರಿವ್ಯೂ, ಬಿಲ್ಡ್, ಡಿಪ್ಲಾಯ್.

ನಂಬರ್ ಬದಲಿಸುವುದು ಕಷ್ಟ ಆಗಲಿಲ್ಲ. ಆ ನಂಬರ್ ಎಲ್ಲಿದೆ ಅಂತ ಹುಡುಕುವುದೇ ಕಷ್ಟ ಆಯ್ತು. ಒಂದು ರೆಪೊದಲ್ಲಿ ಬಿಲ್ಡ್ ಫೈಲ್‌ನಲ್ಲೇ ನೇರವಾಗಿ ಬರೆದಿತ್ತು. ಇನ್ನೊಂದರಲ್ಲಿ ಗ್ರೇಡಲ್.ಪ್ರಾಪರ್ಟೀಸ್ ಫೈಲ್‌ನಲ್ಲಿ. ಮತ್ತೊಂದರಲ್ಲಿ ಬಿಲ್ಡ್‌ಎಸ್‌ಆರ್‌ಸಿ ಒಳಗೆ ಯಾರೋ ಬರೆದಿಟ್ಟಿದ್ದ ಕಾಟ್ಲಿನ್ ಆಬ್ಜೆಕ್ಟ್‌ನಲ್ಲಿ. ಒಂದು ರೆಪೊದಲ್ಲಂತೂ ಲಾಗ್‌ಫೋರ್‌ಜೆ ಅನ್ನುವ ಹೆಸರೇ ಎಲ್ಲೂ ಇರಲಿಲ್ಲ, ಬೇರೆ ಲೈಬ್ರರಿಯೊಂದರ ಬೆನ್ನ ಹಿಂದೆ ಬಂದು ಕೂತಿತ್ತು. ಈ ಕೊನೆಯದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಬರೆಯುತ್ತಿರುವುದು ಅದಾದ ಮೇಲೆ ನಾವು ಏನು ಮಾಡಿದೆವು, ಯಾವುದು ಸರಿಹೋಯ್ತು, ಯಾವುದನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆವು ಅನ್ನುವುದನ್ನು. ತಪ್ಪು ತಿಳಿದುಕೊಂಡಿದ್ದ ಭಾಗಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಇದೇ ದಾರಿಯಲ್ಲಿರುವ ಬೇರೆ ತಂಡಗಳೂ ಅಲ್ಲೇ ಎಡವುವುದನ್ನು ಆಮೇಲೆ ನಾನು ಕಂಡಿದ್ದೇನೆ.

ಪಟ್ಟಿ ಮಾಡಿದ್ದು

ಗ್ರೇಡಲ್‌ನಲ್ಲಿ ವರ್ಷನ್ ಕ್ಯಾಟಲಾಗ್ ಅನ್ನುವ ಸೌಲಭ್ಯ 2021ರಲ್ಲಿ 7.0ರ ಜೊತೆ ಪ್ರಯೋಗದ ರೂಪದಲ್ಲಿ ಬಂತು. 2022ರ ಫೆಬ್ರವರಿಯಲ್ಲಿ 7.4 ಬಂದಾಗ ಅದು ಗಟ್ಟಿಯಾಯ್ತು. ನಾವು ಕೈ ಹಾಕಿದ್ದು ಆ ವರ್ಷದ ಮಧ್ಯದಲ್ಲಿ. ಯೋಚನೆ ಸರಳ. ಲೈಬ್ರರಿಗಳ ಹೆಸರು, ವರ್ಷನ್ ಎಲ್ಲವನ್ನೂ ಟಾಮಲ್ ಅನ್ನುವ ಸರಳ ಪಠ್ಯರೂಪದ ಒಂದು ಫೈಲ್‌ನಲ್ಲಿ ಬರೆದಿಡುವುದು, ಬಿಲ್ಡ್ ಫೈಲ್‌ಗಳಲ್ಲಿ ಆ ಹೆಸರನ್ನಷ್ಟೇ ಬಳಸುವುದು. ಫೈಲ್‌ನಲ್ಲಿ ನಾಲ್ಕು ಭಾಗ ಇರುತ್ತವೆ: ವರ್ಷನ್ಸ್, ಲೈಬ್ರರೀಸ್, ಬಂಡಲ್ಸ್, ಪ್ಲಗಿನ್ಸ್. ಉದಾಹರಣೆಗೆ, ಯಾಮಲ್ ಫೈಲ್ ಓದುವ ಸ್ನೇಕ್‌ಯಾಮಲ್ ಲೈಬ್ರರಿಗೆ ವರ್ಷನ್ಸ್ ಕೆಳಗೆ

ಸ್ನೇಕ್‌ಯಾಮಲ್ = "1.33"

ಅಂತ ಬರೆದರೆ, ಲೈಬ್ರರೀಸ್ ಕೆಳಗೆ

ಸ್ನೇಕ್‌ಯಾಮಲ್ = { ಮಾಡ್ಯೂಲ್ = "ಆರ್ಗ್.ಯಾಮಲ್:ಸ್ನೇಕ್‌ಯಾಮಲ್", ವರ್ಷನ್.ರೆಫ್ = "ಸ್ನೇಕ್‌ಯಾಮಲ್" }

ಅಂತ ಬರುತ್ತದೆ. ಒಂದೇ ರೆಪೊ ಇದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ಗ್ರೇಡಲ್ ಫೋಲ್ಡರ್ ಒಳಗೆ ಲಿಬ್ಸ್.ವರ್ಷನ್ಸ್.ಟಾಮಲ್ ಅನ್ನುವ ಹೆಸರಲ್ಲಿ ಫೈಲ್ ಇಟ್ಟರೆ ಸಾಕು, ಗ್ರೇಡಲ್ ತಾನಾಗಿ ಓದಿಕೊಂಡು ‘ಲಿಬ್ಸ್’ ಅನ್ನುವ ಹೆಸರಲ್ಲಿ ಕೊಡುತ್ತದೆ. ನಮ್ಮದು ಹಲವು ರೆಪೊಗಳ ಮಾತು. ಆ ಫೈಲ್ ಎಲ್ಲರಿಗೂ ತಲುಪಬೇಕು ಅಂದರೆ ಅದನ್ನು ಒಂದು ಲೈಬ್ರರಿಯ ಹಾಗೆ ಪಬ್ಲಿಶ್ ಮಾಡಬೇಕು.

ಅದಕ್ಕೇ ಇರುವುದು ವರ್ಷನ್-ಕ್ಯಾಟಲಾಗ್ ಪ್ಲಗಿನ್. ಹೊಸ ರೆಪೊ ಒಂದನ್ನು ತೆರೆದು, ಅದರ ಬಿಲ್ಡ್ ಫೈಲ್‌ನಲ್ಲಿ ಈ ಪ್ಲಗಿನ್ನನ್ನೂ ಮಾವೆನ್-ಪಬ್ಲಿಶ್ ಪ್ಲಗಿನ್ನನ್ನೂ ಹಾಕಿದೆವು. ಕ್ಯಾಟಲಾಗ್ ಬ್ಲಾಕ್ ಒಳಗೆ ಟಾಮಲ್ ಫೈಲ್ ಎಲ್ಲಿದೆ ಅಂತ ಹೇಳಿದೆವು. ಪಬ್ಲಿಕೇಶನ್‌ಗೆ ವರ್ಷನ್‌ಕ್ಯಾಟಲಾಗ್ ಅನ್ನುವ ಕಾಂಪೊನೆಂಟನ್ನು ಜೋಡಿಸಿದೆವು. ಈ ಕೊನೆಯ ಸಾಲನ್ನು ಮೊದಲ ದಿನ ಬಿಟ್ಟುಬಿಟ್ಟಿದ್ದರಿಂದ ಬರೀ ಪಾಮ್ ಫೈಲ್ (ಮಾವೆನ್ ರೀತಿಯ ವಿವರದ ಫೈಲ್) ಮಾತ್ರ ರೆಪಾಸಿಟರಿಗೆ (ಪಬ್ಲಿಶ್ ಆದ ಲೈಬ್ರರಿಗಳನ್ನು ಇಡುವ ಸರ್ವರ್) ಹೋಗಿತ್ತು, ಟಾಮಲ್ ಹೋಗಿರಲಿಲ್ಲ. ಪಬ್ಲಿಶ್ ಮಾಡುವ ಮೊದಲು ಜನರೇಟ್‌ಕ್ಯಾಟಲಾಗ್‌ಆ್ಯಸ್‌ಟಾಮಲ್ ಟಾಸ್ಕ್ ಓಡಿಸಿ, ಬಿಲ್ಡ್ ಫೋಲ್ಡರ್‌ನಲ್ಲಿ ಬಂದ ಫೈಲನ್ನು ಒಂದು ಸಲ ಕಣ್ಣಾರೆ ನೋಡಿಬಿಡಿ. ಒಂದು ನಿಮಿಷದ ಕೆಲಸ.

ಪಡೆದುಕೊಳ್ಳುವ ಕಡೆ

ಕಳಿಸುವುದು ಅರ್ಧ ದಿನದಲ್ಲಿ ಮುಗಿಯಿತು. ಪಡೆದುಕೊಳ್ಳುವ ಕಡೆ ಎರಡು ವಾರ ಹಿಡಿಯಿತು.

ಕ್ಯಾಟಲಾಗನ್ನು ತರಿಸಿಕೊಳ್ಳುವುದು ಬಿಲ್ಡ್ ಫೈಲ್‌ನಲ್ಲಿ ಅಲ್ಲ, ಸೆಟ್ಟಿಂಗ್ಸ್ ಫೈಲ್‌ನಲ್ಲಿ. ಅಲ್ಲಿನ ಡಿಪೆಂಡೆನ್ಸಿ ರೆಸಲ್ಯೂಶನ್ ಮ್ಯಾನೇಜ್‌ಮೆಂಟ್ ಬ್ಲಾಕ್ ಒಳಗೆ ವರ್ಷನ್‌ಕ್ಯಾಟಲಾಗ್ಸ್ ಅಂತ ತೆರೆದು, ಒಂದು ಹೆಸರು ಕೊಟ್ಟು, ಪಬ್ಲಿಶ್ ಆದ ಕ್ಯಾಟಲಾಗಿನ ವಿಳಾಸವನ್ನು ‘ಫ್ರಮ್’ಗೆ ಕೊಡಬೇಕು. ನಮ್ಮ ಹಳೆಯ ರೆಪೊಗಳಲ್ಲಿ ರೆಪಾಸಿಟರಿಗಳ ಪಟ್ಟಿ ಪ್ರತಿ ಬಿಲ್ಡ್ ಫೈಲ್‌ನಲ್ಲೂ ಇತ್ತು, ಸೆಟ್ಟಿಂಗ್ಸ್‌ನಲ್ಲಿ ಇರಲಿಲ್ಲ. ಕ್ಯಾಟಲಾಗ್ ಹುಡುಕುವ ಹೊತ್ತಿಗೆ ಬಿಲ್ಡ್ ಫೈಲ್‌ಗಳನ್ನು ಗ್ರೇಡಲ್ ಇನ್ನೂ ಓದಿಯೇ ಇರುವುದಿಲ್ಲ. ಹಾಗಾಗಿ ಅದಕ್ಕೆ ಎಲ್ಲಿ ಹುಡುಕಬೇಕು ಅಂತಲೇ ಗೊತ್ತಿರಲಿಲ್ಲ. ರೆಪಾಸಿಟರಿಗಳನ್ನು ಸೆಟ್ಟಿಂಗ್ಸ್‌ಗೆ ಎತ್ತಿಟ್ಟ ಮೇಲೆ ಸರಿಹೋಯ್ತು.

ಆಮೇಲೆ ಬಂದದ್ದು ಹೆಸರಿನ ತಕರಾರು. ಎರಡು ರೆಪೊಗಳಲ್ಲಿ ಆಗಲೇ ಅವರದ್ದೇ ಲಿಬ್ಸ್.ವರ್ಷನ್ಸ್.ಟಾಮಲ್ ಇತ್ತು. ನಾವು ಹಂಚಿದ ಕ್ಯಾಟಲಾಗಿಗೂ ‘ಲಿಬ್ಸ್’ ಅಂತಲೇ ಹೆಸರಿಟ್ಟಿದ್ದೆವು. ಒಂದು ಕ್ಯಾಟಲಾಗಿಗೆ ಒಂದೇ ಸಲ ‘ಫ್ರಮ್’ ಹೇಳಬಹುದು. ಫೋಲ್ಡರ್‌ನಲ್ಲಿದ್ದ ಫೈಲನ್ನು ಗ್ರೇಡಲ್ ತಾನಾಗಿ ಓದಿದ್ದೇ ಒಂದು ಸಲ ಆಗಿಹೋಗಿತ್ತು. ನಮ್ಮದು ಎರಡನೆಯದಾಯ್ತು, ಬಿಲ್ಡ್ ನಿಂತಿತು. ಎರಡನ್ನೂ ಸೇರಿಸಿ ಒಂದೇ ಮಾಡೋಣ ಅಂತ ಒಬ್ಬರು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಒಂದೇ ಸರ್ವಿಸ್ ಬಳಸುವ ಲೈಬ್ರರಿಯನ್ನು ಎಲ್ಲರ ತಲೆಗೆ ಯಾಕೆ ಕಟ್ಟಬೇಕು? ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ "ಸರ್, ಹಂಚಿಕೊಂಡಿರೋದಕ್ಕೆ ‘ನಮ್ಮ’ ಅಂತ ಇಡೋಣ್ವಾ?" ಅಂದಳು. ಇಟ್ಟೆವು. ಅಂದಿನಿಂದ ‘ಲಿಬ್ಸ್’ ಅಂದರೆ ಆ ರೆಪೊದ ಸ್ವಂತದ್ದು, ‘ನಮ್ಮ’ ಅಂದರೆ ಎಲ್ಲರದ್ದು. ಬಿಲ್ಡ್ ಫೈಲ್ ಓದುವಾಗ ನಮ್ಮ.ಸ್ನೇಕ್‌ಯಾಮಲ್ ಅಂತ ಕಂಡರೆ ಇದನ್ನು ಇಲ್ಲಿ ಬದಲಿಸುವ ಹಾಗಿಲ್ಲ, ಬೇರೆಯವರನ್ನೂ ಕೇಳಬೇಕು ಅಂತ ತಕ್ಷಣ ಗೊತ್ತಾಗುತ್ತದೆ. ಈ ಒಂದು ಹೆಸರು ಮಾಡಿದಷ್ಟು ಕೆಲಸವನ್ನು ನಾವು ಬರೆದ ಯಾವ ನಿಯಮದ ಪುಟವೂ ಮಾಡಲಿಲ್ಲ.

ಹೆಸರಿನ ಬಗ್ಗೆ ಇನ್ನೊಂದು ಮಾತು. ಟಾಮಲ್‌ನಲ್ಲಿ ಅಡ್ಡಗೆರೆ ಹಾಕಿ ಬರೆದ ಹೆಸರು ಬಿಲ್ಡ್ ಫೈಲ್‌ನಲ್ಲಿ ಚುಕ್ಕೆಯಾಗುತ್ತದೆ. ಕಾಮನ್ಸ್-ಲ್ಯಾಂಗ್3 ಅಂತ ಇದ್ದದ್ದು ಕಾಮನ್ಸ್.ಲ್ಯಾಂಗ್3 ಆಗುತ್ತದೆ. ಪಟ್ಟಿಯಲ್ಲಿ ಕಂಡ ಹೆಸರನ್ನೇ ಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ದೊಡ್ಡ ತಲೆನೋವು ಎಲ್ಲ ಕಡೆ ಬೇಕಾಗುವ ಬಿಲ್ಡ್ ಸೆಟಪ್ ಒಟ್ಟಿಗೆ ಇಡುವ ಕನ್ವೆನ್ಶನ್ ಪ್ಲಗಿನ್‌ಗಳದ್ದು. ಟೆಸ್ಟ್ ಸೆಟಪ್, ಲಾಗಿಂಗ್ ಸೆಟಪ್ ಎಲ್ಲವನ್ನೂ ನಾವು ಪ್ರತಿ ರೆಪೊದಲ್ಲೂ ಬಿಲ್ಡ್-ಲಾಜಿಕ್ ಅನ್ನುವ ಒಳ ಬಿಲ್ಡ್‌ನಲ್ಲಿ ಇಟ್ಟಿದ್ದೆವು. ಆ ಒಳ ಬಿಲ್ಡ್‌ಗೆ ಹೊರಗಿನ ಸೆಟ್ಟಿಂಗ್ಸ್‌ನಲ್ಲಿ ಹೇಳಿದ ಕ್ಯಾಟಲಾಗ್ ಕಾಣುವುದಿಲ್ಲ. ಅದು ಬೇರೆಯೇ ಮನೆ, ಅದಕ್ಕೆ ಬೇರೆಯೇ ಸೆಟ್ಟಿಂಗ್ಸ್ ಫೈಲ್. ಅಲ್ಲೂ ಹೇಳಿಕೊಟ್ಟರೆ ಆ ಒಳ ಬಿಲ್ಡ್‌ನ ಸ್ವಂತ ಬಿಲ್ಡ್ ಫೈಲ್‌ಗೆ ಸಿಗುತ್ತದೆ. ಆದರೆ ಸ್ಕ್ರಿಪ್ಟ್ ರೂಪದಲ್ಲಿ ಬರೆದ ಪ್ಲಗಿನ್ ಒಳಗೆ ನಮ್ಮ.ಸ್ನೇಕ್‌ಯಾಮಲ್ ಅಂತ ನೇರವಾಗಿ ಬರೆಯಲು ಆಗುವುದಿಲ್ಲ. ವರ್ಷನ್‌ಕ್ಯಾಟಲಾಗ್ಸ್‌ಎಕ್ಸ್‌ಟೆನ್ಶನ್ ಅನ್ನು ಕೇಳಿ ಪಡೆದು, ಹೆಸರು ಕೊಟ್ಟು, ಫೈಂಡ್‌ಲೈಬ್ರರಿ ಅಂತ ಹುಡುಕಿ ತರಬೇಕು. ಹೀಗೆ ಹುಡುಕುವಾಗ ಹೆಸರು ಬರೀ ಒಂದು ಸ್ಟ್ರಿಂಗ್. ಒಂದಕ್ಷರ ತಪ್ಪಿದರೂ ಕಂಪೈಲರ್ ಏನೂ ಹೇಳುವುದಿಲ್ಲ, ಬಿಲ್ಡ್ ಶುರುವಾದ ಮೇಲೆ ‘ನೋ ವ್ಯಾಲ್ಯೂ ಪ್ರೆಸೆಂಟ್’ ಅಂತ ಬಂದು ನಿಲ್ಲುತ್ತದೆ. ಯಾವ ಹೆಸರು ಸಿಗಲಿಲ್ಲ ಅಂತ ಆ ಸಂದೇಶದಲ್ಲಿ ಇರುವುದಿಲ್ಲ. ನಾವು ಅದರ ಸುತ್ತ ಒಂದು ಪುಟ್ಟ ಫಂಕ್ಷನ್ ಬರೆದು, ಸಿಗದಿದ್ದರೆ ಆ ಹೆಸರನ್ನೇ ಎರರ್‌ನಲ್ಲಿ ತೋರಿಸುವ ಹಾಗೆ ಮಾಡಿದೆವು. ಮೂರು ಸಾಲಿನ ಕೋಡ್. ಅದರಿಂದ ಉಳಿದ ಸಮಯ ಬೇಕಾದಷ್ಟು.

ಎಂಟು ರೆಪೊಗಳಲ್ಲಿ, ಒಂದೊಂದರಲ್ಲೂ ಎರಡು ಸೆಟ್ಟಿಂಗ್ಸ್ ಫೈಲ್‌ಗಳಲ್ಲಿ, ಅದೇ ಹತ್ತು ಸಾಲನ್ನು ನಕಲು ಮಾಡುವುದು ಯಾಕೋ ಸರಿ ಅನ್ನಿಸಲಿಲ್ಲ. ಕೊನೆಗೆ ಸೆಟ್ಟಿಂಗ್ಸ್‌ಗೆ ಅಂತಲೇ ಒಂದು ಪ್ಲಗಿನ್ ಬರೆದೆವು. ಸಾಮಾನ್ಯ ಪ್ಲಗಿನ್ ಪ್ರಾಜೆಕ್ಟ್ ಮೇಲೆ ಕೆಲಸ ಮಾಡುತ್ತದೆ, ಇದು ಸೆಟ್ಟಿಂಗ್ಸ್ ಮೇಲೆ. ರೆಪಾಸಿಟರಿಗಳನ್ನು ಸೇರಿಸುತ್ತದೆ, ‘ನಮ್ಮ’ ಅನ್ನುವ ಕ್ಯಾಟಲಾಗನ್ನು ತಂದು ಕೊಡುತ್ತದೆ, ಅಷ್ಟೇ. ಕ್ಯಾಟಲಾಗಿನ ವರ್ಷನ್ ಯಾವುದೋ ಪ್ಲಗಿನ್ನಿನ ವರ್ಷನ್ನೂ ಅದೇ. ಈಗ ಪ್ರತಿ ರೆಪೊದಲ್ಲಿ ಉಳಿದಿರುವುದು ಪ್ಲಗಿನ್ ಹೆಸರಿನ ಒಂದು ಸಾಲು, ಜೊತೆಗೆ ಆ ಪ್ಲಗಿನ್ ಎಲ್ಲಿ ಸಿಗುತ್ತದೆ ಅಂತ ಹೇಳುವ ಪ್ಲಗಿನ್ ಮ್ಯಾನೇಜ್‌ಮೆಂಟ್ ಬ್ಲಾಕ್. ಒಳ ಬಿಲ್ಡ್‌ನಲ್ಲೂ ಅದೇ. ಎರಡೂ ಕಡೆ ನಂಬರ್ ಒಂದೇ ಇದೆಯಾ ಅಂತ ನೋಡಲು ಸಿಐನಲ್ಲಿ (ಬಿಲ್ಡ್, ಟೆಸ್ಟ್ ಎಲ್ಲ ತಾನಾಗಿ ಓಡಿಸುವ ವ್ಯವಸ್ಥೆ) ಒಂದು ಚಿಕ್ಕ ಚೆಕ್ ಇಟ್ಟೆವು.

ಸ್ನೇಕ್‌ಯಾಮಲ್ ಸಂಜೆ

ಸುಮಾರು ಒಂದು ವರ್ಷ ಎಲ್ಲ ಚೆನ್ನಾಗಿತ್ತು. ವರ್ಷನ್ ಏರಿಸಬೇಕಾದರೆ ಒಂದು ಕಡೆ ಬದಲಾವಣೆ, ಮಂಗಳವಾರಕ್ಕೊಂದು ರಿಲೀಸ್. ನಮ್ಮೆಲ್ಲರ ತಲೆಯಲ್ಲಿ ಒಂದು ನಂಬಿಕೆ ಕೂತುಬಿಟ್ಟಿತ್ತು: ಪಟ್ಟಿಯಲ್ಲಿ ಏನು ಬರೆದಿದೆಯೋ ಅದೇ ಓಡುತ್ತಿದೆ.

2023ರ ಬೇಸಿಗೆ ಮುಗಿದ ಮೇಲೆ ಕ್ಯಾಟಲಾಗಿನಲ್ಲಿ ಜ್ಯಾಕ್ಸನ್ (ಜೇಸನ್, ಯಾಮಲ್ ಡೇಟಾ ಓದಿ ಬರೆಯುವ ಲೈಬ್ರರಿ) ವರ್ಷನ್ 2.14.2ರಿಂದ 2.15.2ಕ್ಕೆ ಏರಿಸಿದೆವು. ಬದಲಾದದ್ದು ಒಂದೇ ಸಾಲು. ನೋಟಿಫಿಕೇಶನ್ ಕಳಿಸುವ ಸರ್ವಿಸ್, ಬಿಡುಗಡೆಗೆ ಮೊದಲು ಓಡಿಸಿ ನೋಡುವ ಸ್ಟೇಜಿಂಗ್‌ನಲ್ಲಿ ಮೇಲೇಳಲೇ ಇಲ್ಲ. ಲಾಗ್‌ನಲ್ಲಿ ಇದ್ದದ್ದು ನೋಸಚ್‌ಮೆಥಡ್‌ಎರರ್. ಸ್ನೇಕ್‌ಯಾಮಲ್‌ನ ಸೇಫ್‌ಕನ್‌ಸ್ಟ್ರಕ್ಟರ್ ಅನ್ನುವ ಕ್ಲಾಸ್‌ಗೆ, ಏನೂ ಆರ್ಗ್ಯುಮೆಂಟ್ ತೆಗೆದುಕೊಳ್ಳದ ಕನ್‌ಸ್ಟ್ರಕ್ಟರ್ ಇಲ್ಲವಂತೆ.

ಇಲ್ಲ ಅಂದರೆ ಹೇಗೆ? ಕ್ಯಾಟಲಾಗಿನಲ್ಲಿ ಸ್ನೇಕ್‌ಯಾಮಲ್ 1.33. ರೆಪೊ ಪೂರ್ತಿ ಹುಡುಕಿದರೂ 1.33. ಆ ಕನ್‌ಸ್ಟ್ರಕ್ಟರ್ 1.33ರಲ್ಲಿ ಇದೆ. ಗಂಟೆಗಟ್ಟಲೆ ನಾವು ಡಾಕರ್ ಇಮೇಜ್ ಹಳೆಯದೇನೋ, ಕ್ಯಾಶ್ ಕೆಟ್ಟಿದೆಯೇನೋ ಅಂತ ಎಲ್ಲೆಲ್ಲೋ ನೋಡಿದೆವು. ರಾತ್ರಿ ಎಂಟರ ಹೊತ್ತಿಗೆ ಜೊತೆಗಿದ್ದವನೊಬ್ಬ "ಮಗಾ, ಪಟ್ಟಿ ನೋಡಿದ್ದು ಸಾಕು, ಜಾರ್ ನೋಡೋಣ" ಅಂದ. ಡಿಪೆಂಡೆನ್ಸಿಇನ್‌ಸೈಟ್ ಟಾಸ್ಕನ್ನು ಸ್ನೇಕ್‌ಯಾಮಲ್ ಹೆಸರು ಕೊಟ್ಟು, ರನ್‌ಟೈಮ್‌ಕ್ಲಾಸ್‌ಪಾತ್ ಮೇಲೆ ಓಡಿಸಿದೆವು. ತೆರೆ ಮೇಲೆ ಬಂದ ಸಾಲು ಇದು:

ಆರ್ಗ್.ಯಾಮಲ್:ಸ್ನೇಕ್‌ಯಾಮಲ್:1.33 -> 2.0

ಆ ಬಾಣದ ಗುರುತಿನಲ್ಲಿ ಎಲ್ಲ ಇತ್ತು. ನಾವು ಕೇಳಿದ್ದು 1.33, ಸಿಕ್ಕಿದ್ದು 2.0. ಕಾರಣವನ್ನೂ ಗ್ರೇಡಲ್ ಬರೆದಿತ್ತು: ಎರಡು ವರ್ಷನ್‌ಗಳ ನಡುವೆ ಜಗಳ ಬಿಡಿಸಿದ್ದು. ಜ್ಯಾಕ್ಸನ್‌ನ ಯಾಮಲ್ ಭಾಗ 2.15ರಿಂದ ಸ್ನೇಕ್‌ಯಾಮಲ್ 2.0ಗೆ ಹೋಗಿದೆ. ನಮ್ಮದೇ ಒಳಗಿನ ಹಳೆಯ ಕಾನ್ಫಿಗ್ ಲೈಬ್ರರಿ 1.33 ಕೇಳುತ್ತಿತ್ತು. ಇಬ್ಬರು ಬೇರೆ ಬೇರೆ ವರ್ಷನ್ ಕೇಳಿದರೆ ಗ್ರೇಡಲ್ ಬೇರೇನೂ ಹೇಳದಿದ್ದಾಗ ದೊಡ್ಡದನ್ನು ಆರಿಸಿಕೊಳ್ಳುತ್ತದೆ. 2.0ರಲ್ಲಿ ಆ ಖಾಲಿ ಕನ್‌ಸ್ಟ್ರಕ್ಟರನ್ನು ತೆಗೆದುಹಾಕಿದ್ದಾರೆ, ಲೋಡರ್‌ಆಪ್ಶನ್ಸ್ ಕೊಟ್ಟೇ ಕರೆಯಬೇಕು.

ಟೆಸ್ಟ್‌ಗಳಲ್ಲಿ ಯಾಕೆ ಸಿಕ್ಕಲಿಲ್ಲ ಅಂತ ಎಲ್ಲರೂ ಕೇಳಿದರು. ಕಾನ್ಫಿಗ್ ಲೈಬ್ರರಿಯ ಸ್ವಂತ ಟೆಸ್ಟ್‌ಗಳು ಅದರದ್ದೇ ರೆಪೊದಲ್ಲಿ ಓಡುತ್ತವೆ. ಅಲ್ಲಿ ಜ್ಯಾಕ್ಸನ್ ಇಲ್ಲ, ಹಾಗಾಗಿ 1.33 ನೆಮ್ಮದಿಯಾಗಿ ಸಿಗುತ್ತದೆ. ಸರ್ವಿಸ್‌ನ ಟೆಸ್ಟ್‌ಗಳು ಕಾನ್ಫಿಗ್ ಓದುವ ಭಾಗವನ್ನು ಮಾಕ್ ಮಾಡಿದ್ದವು, ಅಂದರೆ ಅದರ ಜಾಗದಲ್ಲಿ ನಕಲಿ ಇಟ್ಟಿದ್ದವು. ಎರಡೂ ನಿಜವಾಗಿ ಒಟ್ಟಿಗೆ ಸೇರಿದ್ದು ಸ್ಟೇಜಿಂಗ್‌ನಲ್ಲೇ.

ನಮ್ಮ ತಪ್ಪು ತಿಳಿವಳಿಕೆ ಏನು ಅಂತ ಆ ರಾತ್ರಿ ಅರ್ಥವಾಯ್ತು. ಕ್ಯಾಟಲಾಗ್ ಅನ್ನುವುದು ದಿನಸಿ ಚೀಟಿ ಇದ್ದ ಹಾಗೆ. ಯಾವ ಅಂಗಡಿಯಿಂದ ಏನು ತರಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಚೀಟಿ ಎಲ್ಲರ ಕೈಯಲ್ಲೂ ಒಂದೇ ಇದ್ದರೂ ಮನೆಗೆ ಬರುವ ಸಾಮಾನು ಒಂದೇ ಆಗಿರಬೇಕು ಅಂತ ಇಲ್ಲ, ಯಾಕಂದರೆ ನಾವು ತಂದ ಒಂದೊಂದು ಲೈಬ್ರರಿಯೂ ತನ್ನದೇ ಇನ್ನೊಂದು ಚೀಟಿ ಹಿಡಿದುಕೊಂಡು ಬರುತ್ತದೆ. ಯಾರೂ ಹೆಸರು ಹಿಡಿದು ಕರೆಯದ ಲೈಬ್ರರಿಯ ಮೇಲೆ ಕ್ಯಾಟಲಾಗಿಗೆ ಯಾವ ಅಧಿಕಾರವೂ ಇಲ್ಲ. 2021ರಲ್ಲಿ ಹೆಸರೇ ಇಲ್ಲದೆ ಕೂತಿದ್ದ ಆ ಲಾಗ್‌ಫೋರ್‌ಜೆ ನೆನಪಿದೆಯಲ್ವಾ? ನಾವು ಇಷ್ಟೆಲ್ಲ ಮಾಡಿದ ಮೇಲೂ ಅದು ಹಾಗೇ ಕೂತಿರಬಹುದಿತ್ತು. ಯಾವ ಘಟನೆಯಿಂದ ಈ ಕೆಲಸ ಶುರು ಮಾಡಿದೆವೋ ಅದಕ್ಕೇ ನಮ್ಮ ಹತ್ತಿರ ಇನ್ನೂ ಉತ್ತರ ಇರಲಿಲ್ಲ.

ಏನು ಬದಲಿಸಿದೆವು

1.33ಗೇ ಕಟ್ಟಿಹಾಕೋಣ ಅನ್ನುವುದು ಆ ಗಳಿಗೆಯ ಸುಲಭದ ಉಪಾಯ. ಟಾಮಲ್‌ನಲ್ಲಿ ‘ಸ್ಟ್ರಿಕ್ಟ್ಲಿ’ ಅಂತ ಬರೆದು, ಆ ಲೈಬ್ರರಿಯನ್ನು ಸರ್ವಿಸ್‌ನಲ್ಲಿ ಹೆಸರು ಹೇಳಿ ಸೇರಿಸಿದರೆ ಗ್ರೇಡಲ್ ಕೆಳಕ್ಕೆ ಇಳಿಸುತ್ತದೆ. ನಾನು ಬೇಡ ಅಂದೆ. ಸ್ನೇಕ್‌ಯಾಮಲ್ 2.0 ಬಂದದ್ದೇ ಸಿವಿಇ-2022-1471 ಅನ್ನುವ ಸುರಕ್ಷತೆಯ ತೂತಿಗೆ ಉತ್ತರವಾಗಿ. ಇಷ್ಟೆಲ್ಲ ಒದ್ದಾಡಿ ಹಳೆಯ ತೂತನ್ನೇ ಗಟ್ಟಿ ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ. ಕಾನ್ಫಿಗ್ ಲೈಬ್ರರಿಯಲ್ಲಿ ಒಂದು ಸಾಲು ಬದಲಿಸಿ ಲೋಡರ್‌ಆಪ್ಶನ್ಸ್ ಕೊಟ್ಟೆವು. ಹಾಗೆ ಬರೆದರೆ 1.33ರಲ್ಲೂ ನಡೆಯುತ್ತದೆ, 2.0ರಲ್ಲೂ ನಡೆಯುತ್ತದೆ. ಮರುದಿನ ಮಧ್ಯಾಹ್ನಕ್ಕೆ ಸರ್ವಿಸ್ ಎದ್ದು ನಿಂತಿತು.

ಆಮೇಲೆ ನಿಧಾನವಾಗಿ ಕೂತು ಮಾಡಿದ್ದು ಪ್ಲಾಟ್‌ಫಾರ್ಮ್. ಕ್ಯಾಟಲಾಗ್ ಇದ್ದ ರೆಪೊದಲ್ಲೇ ಎರಡನೇ ಸಬ್‌ಪ್ರಾಜೆಕ್ಟ್ ತೆರೆದು ಅದಕ್ಕೆ ಜಾವಾ-ಪ್ಲಾಟ್‌ಫಾರ್ಮ್ ಪ್ಲಗಿನ್ ಹಾಕಿದೆವು. ಇದರಲ್ಲಿ ಕೋಡ್ ಇರುವುದಿಲ್ಲ, ಕನ್‌ಸ್ಟ್ರೇಂಟ್‌ಗಳು ಮಾತ್ರ. ಈ ಲೈಬ್ರರಿ ಬೇಕು ಅಂತ ಕನ್‌ಸ್ಟ್ರೇಂಟ್ ಕೇಳುವುದಿಲ್ಲ. ಯಾರ ಬೆನ್ನ ಹಿಂದೆ ಬಂದರೂ ಸರಿ, ಬಂದರೆ ಕನಿಷ್ಠ ಈ ವರ್ಷನ್ ಆಗಿರಲಿ ಅಂತ ಹೇಳುತ್ತದೆ. ಲಾಗ್‌ಫೋರ್‌ಜೆ, ಸ್ನೇಕ್‌ಯಾಮಲ್ ಎರಡನ್ನೂ ಅದೇ ಟಾಮಲ್‌ನ ಹೆಸರು ಬಳಸಿಯೇ ಅಲ್ಲಿ ಬರೆದೆವು, ಹಾಗಾಗಿ ನಂಬರ್ ಇರುವುದು ಒಂದೇ ಜಾಗದಲ್ಲಿ. ಜ್ಯಾಕ್ಸನ್‌ಗೆ ಅವರದ್ದೇ ಬಾಮ್ (ಒಟ್ಟಿಗೆ ಹೊಂದುವ ವರ್ಷನ್‌ಗಳ ಪಟ್ಟಿ) ಇದೆ, ಅದನ್ನೂ ಒಳಗೆ ಸೇರಿಸಿಕೊಂಡೆವು. ಇದಕ್ಕೆ ಜಾವಾಪ್ಲಾಟ್‌ಫಾರ್ಮ್ ಬ್ಲಾಕ್‌ನಲ್ಲಿ ಅಲೌ‌ಡಿಪೆಂಡೆನ್ಸೀಸ್ ಅಂತ ಹೇಳಲೇಬೇಕು, ಇಲ್ಲದಿದ್ದರೆ ಪ್ಲಗಿನ್ ಒಪ್ಪುವುದಿಲ್ಲ. ಪ್ಲಾಟ್‌ಫಾರ್ಮ್‌ನ ವಿಳಾಸವನ್ನೂ ಕ್ಯಾಟಲಾಗಿನಲ್ಲೇ ಒಂದು ಹೆಸರಾಗಿ ಇಟ್ಟೆವು. ಸರ್ವಿಸ್‌ಗಳು ಅದನ್ನು ಒಂದು ಸಾಲಿನಲ್ಲಿ ಸೇರಿಸಿಕೊಳ್ಳುತ್ತವೆ. ಆ ಸಾಲನ್ನು ಹಾಕುವುದು ಕನ್ವೆನ್ಶನ್ ಪ್ಲಗಿನ್‌ನ ಕೆಲಸ, ಮನುಷ್ಯರು ಮರೆಯುವ ಮಾತಿಲ್ಲ.

ಎನ್‌ಫೋರ್ಸ್ಡ್ ಪ್ಲಾಟ್‌ಫಾರ್ಮ್ ಅಂತ ಇನ್ನೂ ಬಿಗಿಯಾದದ್ದು ಒಂದಿದೆ. ಅದು ಹೇಳಿದ್ದೇ ಕೊನೆ, ಮೇಲಕ್ಕೂ ಬಿಡುವುದಿಲ್ಲ. ಅದನ್ನು ನಾವು ಮುಟ್ಟಲಿಲ್ಲ. ಲೈಬ್ರರಿಯಲ್ಲಿ ಅದನ್ನು ಇಟ್ಟರೆ ಆ ಲೈಬ್ರರಿ ಬಳಸುವವರೆಲ್ಲರ ಕೈ ಕಟ್ಟಿದ ಹಾಗೆ. ಹಾಗೆ ಪಬ್ಲಿಶ್ ಮಾಡಲು ಹೋದರೆ ಗ್ರೇಡಲ್ ತಾನೇ ತಡೆಯುತ್ತದೆ, ಅದು ಸರಿಯಾಗಿಯೇ ಇದೆ.

ಪ್ಲಾಟ್‌ಫಾರ್ಮ್ ಕೆಳಗಿನ ಮಿತಿ ಹಾಕುತ್ತದೆ, ಮೇಲಿನದು ಅಲ್ಲ. ನಾಳೆ ಇನ್ನೊಂದು ಲೈಬ್ರರಿ ಇನ್ನೂ ಹೊಸ ಸ್ನೇಕ್‌ಯಾಮಲ್ ಎಳೆದು ತಂದರೆ ಅದು ಬಂದೇ ಬರುತ್ತದೆ. ಅದಕ್ಕೆ ಎಲ್ಲ ಸರ್ವಿಸ್‌ಗಳಲ್ಲಿ ಡಿಪೆಂಡೆನ್ಸಿ ಲಾಕಿಂಗ್ ಶುರು ಮಾಡಿದೆವು. ಗ್ರೇಡಲ್.ಲಾಕ್‌ಫೈಲ್ ಅನ್ನುವ ಫೈಲ್‌ನಲ್ಲಿ, ನಿಜವಾಗಿ ಆಯ್ಕೆಯಾದ ಒಂದೊಂದು ಲೈಬ್ರರಿಗೂ ಒಂದೊಂದು ಸಾಲು ಇರುತ್ತದೆ, ನೇರವಾಗಿ ಕೇಳಿದ್ದಕ್ಕೂ, ಬೆನ್ನ ಹಿಂದೆ ಬಂದದ್ದಕ್ಕೂ. ಕ್ಯಾಟಲಾಗ್ ಏರಿಸಿದವರು ಲಾಕ್ ಫೈಲನ್ನೂ ಹೊಸದಾಗಿ ಬರೆಸಿ ಪುಲ್ ರಿಕ್ವೆಸ್ಟ್‌ಗೆ ಹಾಕಬೇಕು. ಈ ಅಭ್ಯಾಸ ಮೊದಲೇ ಇದ್ದಿದ್ದರೆ ಅಂದು ಜ್ಯಾಕ್ಸನ್‌ನ ಒಂದು ಸಾಲಿನ ಬದಲಾವಣೆ ಜೊತೆಗೆ ಸ್ನೇಕ್‌ಯಾಮಲ್ 1.33 ಕೆಂಪಾಗಿ ಹೋಗಿ 2.0 ಹಸಿರಾಗಿ ಬಂದದ್ದು ರಿವ್ಯೂ ಮಾಡುವವರ ಕಣ್ಣೆದುರೇ ಇರುತ್ತಿತ್ತು. ವರ್ಷನ್ ಜಗಳ ಬಂದರೆ ಬಿಲ್ಡ್ ನಿಲ್ಲಿಸುವ ಫೇಲ್‌ಆನ್‌ವರ್ಷನ್‌ಕಾನ್‌ಫ್ಲಿಕ್ಟ್ ಕೂಡ ಹಾಕಿ ನೋಡಿದೆವು. ಏನೂ ತೊಂದರೆ ಕೊಡದ ಜಗಳಗಳಿಗೂ ಅದು ನಿಲ್ಲುತ್ತದೆ. ಎರಡು ದಿನದಲ್ಲಿ ತೆಗೆದೆವು.

ಇನ್ನೊಂದು ವಿಷಯ ತಾಂತ್ರಿಕದ್ದಲ್ಲ, ಆದರೂ ಹೇಳಲೇಬೇಕು. ಶುರುವಿನಲ್ಲಿ ಕ್ಯಾಟಲಾಗ್ ರೆಪೊದಲ್ಲಿ ಮರ್ಜ್ ಮಾಡುವ ಹಕ್ಕು ಇಬ್ಬರಿಗೆ ಮಾತ್ರ ಇತ್ತು. ಉಳಿದವರು ಕಾಯಬೇಕಿತ್ತು. ಕಾಯಲು ಆಗದವರು ತಮ್ಮ ಸೆಟ್ಟಿಂಗ್ಸ್‌ನಲ್ಲಿ ‘ನಮ್ಮ’ದ ವರ್ಷನ್ನನ್ನು ತಾವೇ ಬದಲಿಸಿಕೊಂಡರು. ಅದಕ್ಕೆ ಗ್ರೇಡಲ್‌ನಲ್ಲಿ ದಾರಿ ಇದೆ, ತಪ್ಪೇನೂ ಅಲ್ಲ. ಮೂರು ತಿಂಗಳ ಮೇಲೆ ಎಣಿಸಿದಾಗ ಅಂಥವು ನಾಲ್ಕು ಸಿಕ್ಕವು. ಎರಡಕ್ಕೆ ಯಾಕೆ ಬದಲಿಸಿದ್ದು ಅಂತ ಯಾರಿಗೂ ನೆನಪಿರಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ವಿಷಯ ಅಲ್ಲ ಇದು, ಹಂಚಿಕೊಂಡ ವಸ್ತುವಿನ ಬೀಗದ ಕೈ ಇಬ್ಬರ ಜೇಬಿನಲ್ಲಿದ್ದರೆ ಹೀಗೇ ಆಗುತ್ತದೆ. ಈಗ ಪ್ರತಿ ಸರ್ವಿಸ್‌ನಿಂದ ಒಬ್ಬರಿಗೆ ಆ ಹಕ್ಕು ಇದೆ. ಬದಲಿಸಿಕೊಂಡವರು ಪಕ್ಕದಲ್ಲಿ ಕಾರಣ ಮತ್ತು ತಾರೀಖು ಬರೆಯಬೇಕು.

ಮಾವೆನ್‌ನಲ್ಲಿ ಉಳಿದಿದ್ದ ಆ ಒಂಬತ್ತನೇ ಸರ್ವಿಸ್‌ಗೆ ಕ್ಯಾಟಲಾಗಿನಿಂದ ಏನೂ ಉಪಯೋಗ ಆಗಿರಲಿಲ್ಲ. ಮಾವೆನ್ ಆ ಟಾಮಲ್ ಫೈಲನ್ನು ಓದುವುದಿಲ್ಲ. ಆದರೆ ಜಾವಾ-ಪ್ಲಾಟ್‌ಫಾರ್ಮ್ ಪಬ್ಲಿಶ್ ಆದಾಗ ಅದರ ಪಾಮ್ ಒಳಗೆ ಕನ್‌ಸ್ಟ್ರೇಂಟ್‌ಗಳು ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಆಗಿ ಬರುತ್ತವೆ, ಅಂದರೆ ಮಾವೆನ್‌ನವರಿಗೆ ಚೆನ್ನಾಗಿ ಗೊತ್ತಿರುವ ಬಾಮ್. ಟೈಪ್ ಪಾಮ್, ಸ್ಕೋಪ್ ಇಂಪೋರ್ಟ್ ಅಂತ ಐದಾರು ಸಾಲು ಹಾಕಿದ ಮೇಲೆ ಆ ಸರ್ವಿಸ್ ಕೂಡ ಅದೇ ನಂಬರ್‌ಗಳಿಗೆ ಬಂತು. ಅದನ್ನು ಗ್ರೇಡಲ್‌ಗೆ ತರಬೇಕು ಅನ್ನುವ ಕೆಲಸ ನಮ್ಮ ಪಟ್ಟಿಯಲ್ಲಿ ಎರಡು ವರ್ಷದಿಂದ ಇತ್ತು. ಮೊನ್ನೆ ಅದನ್ನು ತೆಗೆದುಹಾಕಿದೆವು.